ಕಾಂಟೆಸ್ಸಾಗೆ 402 ಮೀಟರ್

ವಯನಾಡಿನ ಕಲ್ಪೆಟ್ಟದ ಕಾಫಿ ಕಣದ ಅಂಚಿನಲ್ಲೊಂದು ಬಿಳಿ ಕಾಂಟೆಸ್ಸಾ ಕ್ಲಾಸಿಕ್ ನಿಂತಿದೆ. ಮೈಸೂರಿನ ನೆಂಟರ ಮನೆಗೆ ಓಡಾಡಲೆಂದು ಅಪ್ಪ ಕೊಂಡದ್ದು. ಮಗನಿಗೆ ಈಗ ಅದನ್ನು ಡ್ರ್ಯಾಗ್ ರೇಸಿಗೆ ಇಳಿಸುವ ಹುಚ್ಚು. 'ನೇರ ರಸ್ತೇಲಿ ಕಾಲು ಮೈಲಿ ಓಡಿಸೋದಲ್ವಾ ಅಣ್ಣಾ, ಅದರಲ್ಲೇನಿದೆ?' ಅಂದ.

ಏನಿಲ್ಲ? ಮೊದಲಿಗೆ, ವಯನಾಡಿನಲ್ಲಿ ನೇರ ರಸ್ತೆಯೇ ಇಲ್ಲ. ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಪಳಗಿದವನ ಕೈ ಎರಡನೇ ಗೇರಿನಲ್ಲೇ ಬೆಳೆದಿರುತ್ತದೆ. ಮುತ್ತಂಗ ದಾಟಿ ಬಂಡೀಪುರದಲ್ಲಿ ಒಂದಿಷ್ಟು ನೇರ ಸಿಕ್ಕರೂ ಅದು ಆನೆಗಳ ದಾರಿ. ಮೇಲಾಗಿ ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿಗೆ ಬಿದ್ದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಹಾಗಾಗಿ ಚೆನ್ನೈ ಬಳಿಯ ರೇಸ್ ಟ್ರ್ಯಾಕಿಗೇ ಹೋಗೋಣವೆಂದಾಯಿತು.

ಕಾಂಟೆಸ್ಸಾವನ್ನು ನಮ್ಮ ಹುಡುಗರು ಮಸಲ್ ಕಾರ್ ಅನ್ನುವುದು ಮೈಕಟ್ಟು ನೋಡಿ. ಅಸಲಿ ಮಸಲ್ ಕಾರಾದ 1964ರ ಪಾಂಟಿಯಾಕ್ ಜಿಟಿಒಗೆ 6.4 ಲೀಟರಿನ ವಿ8, 325 ಅಶ್ವಶಕ್ತಿ. ಬ್ರಿಟನ್ನಿನ ವಾಕ್ಸ್‌ಹಾಲ್ ಅಚ್ಚಿನಿಂದ 1984ರಲ್ಲಿ ಹುಟ್ಟಿದ ನಮ್ಮದಕ್ಕೆ ಸಿಕ್ಕಿದ್ದು ಅಂಬಾಸಿಡರ್ ಕಾರಿನ 1.5 ಲೀಟರ್ ಎಂಜಿನ್, ಐವತ್ತರ ಆಸುಪಾಸು ಅಶ್ವಶಕ್ತಿ. ಪೈಲ್ವಾನನ ಮೈ, ಗುಮಾಸ್ತನ ಉಸಿರು! ಆಮೇಲೆ ಬಂದ ಇಸುಜು 1.8 ಎಂಜಿನ್ ಮಾನ ಕಾಯಿತು. ಇವನದು ಅದೇ. ಎಂಜಿನ್ ಮುಂದೆ, ದೂಡುವುದು ಹಿಂದಿನ ಚಕ್ರ. ಡ್ರ್ಯಾಗಿಗೆ ಬೇಕಾದ ಜಾತಕ.

ಅವನ ತಲೆಗೆ ಹೊಳೆಯದ ಸಂಗತಿ ಕಾರ್ಬುರೇಟರ್. ಕಲ್ಪೆಟ್ಟ ಸಮುದ್ರಮಟ್ಟಕ್ಕಿಂತ ಏಳೆಂಟು ನೂರು ಮೀಟರ್ ಮೇಲೆ. ಅಲ್ಲಿನ ತೆಳು ಗಾಳಿಗೆ ಹೊಂದಿಸಿದ, ಪೆಟ್ರೋಲ್ ಅಳೆದು ಬಿಡುವ ಜೆಟ್ ಚೆನ್ನೈಯ ದಟ್ಟ ಗಾಳಿಗೆ ಸಾಲದೆ ಎಂಜಿನ್ ಬಿಸಿಯೇರುತ್ತದೆ. ಒಂದು ಓಟ ಮುಗಿದದ್ದೇ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು: ಕಾಫಿಪುಡಿ ಬಣ್ಣವಿದ್ದರೆ ಕ್ಷೇಮ, ಬಿಳಿಚಿದ್ದರೆ ದೊಡ್ಡ ಜೆಟ್ ಹಾಕಬೇಕು. ಕಾಫಿ ಬೆಳೆಯುವವನಿಗೆ ಬಣ್ಣ ಹೇಳಿಕೊಡಬೇಕೇ?

ಇನ್ನು ಓಟ ಶುರುವಾಗುವ ಗೆರೆಯ ದೀಪದ ಕಂಬ. ಅರ್ಧರ್ಧ ಸೆಕೆಂಡಿಗೆ ಒಂದರಂತೆ ಮೂರು ಹಳದಿ, ಆಮೇಲೆ ಹಸಿರು. ಹಸಿರು ಕಂಡ ಮೇಲೆ ಕ್ಲಚ್ ಬಿಟ್ಟವನು ಆಗಲೇ ತಡ. ಆದರೆ ಓಟದ ಗಡಿಯಾರ ಶುರುವಾಗುವುದು ಹಸಿರಿಗಲ್ಲ, ಮುಂದಿನ ಚಕ್ರ ಬೆಳಕಿನ ಕಿರಣ ದಾಟಿದಾಗ. ಎದುರಾಳಿಗೆ ಸೋತವನ ಓಟದ ಸಮಯವೂ ಒಳ್ಳೆಯದಿರಬಹುದು.

ನನ್ನ ಮೊದಲ ಓಟದಲ್ಲಿ ನಾನು ಎಂಜಿನ್ ಗುರುಗುಟ್ಟಿಸಿ ಫಟ್ಟನೆ ಕ್ಲಚ್ ಬಿಟ್ಟೆ. ಟೈರಿನ ಹೊಗೆಗೆ ಜನ ಕೇಕೆ ಹಾಕಿದರು. ಕಾರು ಇದ್ದಲ್ಲೇ ಕುಣಿಯಿತು. ಪಕ್ಕದ ಸಾಲಿನ ಸಣ್ಣ ಹ್ಯಾಚ್‌ಬ್ಯಾಕ್ ಸದ್ದಿಲ್ಲದೆ ಹೋಗಿಬಿಟ್ಟಿತು. ಹೊಗೆ ನೋಡುಗರಿಗೆ ಹಬ್ಬ, ಓಡಿಸುವವನಿಗೆ ನಷ್ಟ.

ಹಳೆ ಕಾರಿನವರಿಗೆ ನನ್ನ ಮಾತಿಷ್ಟೇ: ಬಣ್ಣಕ್ಕೆ ಸುರಿಯುವ ದುಡ್ಡಲ್ಲಿ ಟೈರು, ಬ್ರೇಕ್ ಹೋಸು, ಪೆಟ್ರೋಲ್ ಪೈಪು ಹೊಸದು ಹಾಕಿಸಿ. ಕಾಲು ಮೈಲಿ, ಅಂದರೆ 402 ಮೀಟರ್, ಆದಮೇಲೆ ಕಾರು ನಿಲ್ಲಲೂಬೇಕು.

ಚೆನ್ನೈಗೆ ಹೋಗುವ ನಮ್ಮ ದಾರಿಯಲ್ಲಿರುವ ಬಂಡೀಪುರದ ಗೇಟು 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ಶುಕ್ರವಾರ ಆರಕ್ಕೆ ನಾವು ಅಲ್ಲಿರುತ್ತೇವೆ, ಡಿಕ್ಕಿಯಲ್ಲಿ ಎರಡು ಜೊತೆ ಜೆಟ್ ಇಟ್ಟುಕೊಂಡು.