ಹೋಟೆಲು ಕಾಣದ ಶ್ಯಾವಿಗೆ

ಉಡುಪಿಯ ರಥಬೀದಿಯ ಮಿತ್ರ ಸಮಾಜಕ್ಕೆ ಬೆಳಗಿನ ಹೊತ್ತು ಕಾಲಿಟ್ಟರೆ, ಕೃಷ್ಣದರ್ಶನ ಮುಗಿಸಿದ ಯಾತ್ರಿಕರೂ ಕಚೇರಿಗೆ ಹೊರಟ ಗುಮಾಸ್ತರೂ ಮಣಿಪಾಲದ ವಿದ್ಯಾರ್ಥಿಗಳೂ ಒಂದೇ ಮೇಜಿನ ಸುತ್ತ ಮೊಣಕೈಗೆ ಮೊಣಕೈ ತಾಗಿಸಿ ಕುಳಿತಿರುವುದೂ, ತಿನ್ನುವವನ ಬೆನ್ನ ಹಿಂದೆಯೇ ಮುಂದಿನವನು ಕಾದು ನಿಂತಿರುವುದೂ ಕಾಣುವುದಾದರೂ, ಆ ಸಂದಣಿಯಲ್ಲಿ ಅವ್ಯವಸ್ಥೆಯೆಂಬುದು ಲೇಶಮಾತ್ರವೂ ಇಲ್ಲ. ಎಣ್ಣೆಯಿಂದ ಆಗತಾನೆ ಎದ್ದ ಗೋಳಿಬಜೆ ಮೇಜಿಗೆ ಬರುವುದಕ್ಕೂ ಅದರ ಬಿಸಿ ಆರುವುದಕ್ಕೂ ನಡುವಣ ಅಲ್ಪಾವಕಾಶವೇ ಇಲ್ಲಿಯ ಪಾಕದ ಶುಭಮುಹೂರ್ತ. ಅದನ್ನು ಹರಟೆಯಲ್ಲಿ ಕಳೆದವನು ನಷ್ಟಕ್ಕೆ ತಾನೇ ಹೊಣೆ.

ಇಷ್ಟನ್ನು ಮನಸಾರೆ ಮೆಚ್ಚಿದ ಮೇಲೂ, ನಮ್ಮ ಹೋಟೆಲುಗಳ ಕುರಿತು ನನ್ನದೊಂದು ಆಕ್ಷೇಪ ಉಂಟು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಡಂದಲೆಯ ಕೃಷ್ಣರಾಯರೂ, ಮಾಟುಂಗದಲ್ಲಿ 1942ರಲ್ಲಿ ಬೋರ್ಡಿಂಗ್ ಸ್ಥಾಪಿಸಿದ ರಾಮ ನಾಯಕರೂ ಇಡ್ಲಿ, ದೋಸೆ, ಸಾರುಗಳಿಗೆ ಪರದೇಶವಾಸದ ಭಾಗ್ಯವನ್ನು ಕಲ್ಪಿಸಿದ ಪರಂಪರೆಯವರು. ಆದರೆ ಕರಾವಳಿಯ ಅಡುಗೆಮನೆಯ ಅತಿ ಸುಕುಮಾರ ಸೃಷ್ಟಿಯಾದ ಒತ್ತುಶ್ಯಾವಿಗೆ ಮಾತ್ರ ಹೊಸ್ತಿಲು ದಾಟಿದ್ದು ಅಪರೂಪ. ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟನ್ನು ಕಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿಯಾರುವ ಮುನ್ನ ಒರಳಿನಲ್ಲಿ ಒಬ್ಬರು ಒತ್ತುತ್ತಿರಲು ಇನ್ನೊಬ್ಬರು ಎಳೆಗಳನ್ನು ಬಾಳೆಲೆಯ ಮೇಲೆ ಸುತ್ತಿಸುತ್ತಿ ಹಿಡಿದು, ಬೆಲ್ಲ ಏಲಕ್ಕಿಗಳು ಬೆರೆತ ಕಾಯಿಹಾಲನ್ನು ಹೊಯ್ದು ಬಡಿಸುವ ಈ ತಿಂಡಿಯ ಮುಂದೆ ಮಸಾಲೆದೋಸೆಯೂ ಸ್ವಲ್ಪ ಒರಟೇ ಎಂದು ನಾನು ಹೇಳಬಲ್ಲೆ. ದೋಸೆಪ್ರಿಯರು ಕ್ಷಮಿಸಲಿ.

ಶ್ರಮ ಹೆಚ್ಚು, ಗಿರಾಕಿ ಕಾಯುವುದಿಲ್ಲ ಎಂಬ ಸಮಾಧಾನ ಸಿದ್ಧವಾಗಿಯೇ ಇದೆ. ಆದರೆ ವಿಯೆಟ್ನಾಮಿನ ಹನೋಯಿ ನಗರದ ಗಲ್ಲಿಗಲ್ಲಿಯಲ್ಲಿ ಜನರು ಬೆಳಗಿನ ಉಪಾಹಾರಕ್ಕೆ ಮುಗಿಬೀಳುವ ‘ಫೋ’ ಎಂಬುದೂ ಅಕ್ಕಿಯ ಶ್ಯಾವಿಗೆಯೇ. ದನದ ಎಲುಬು, ಚಕ್ಕೆ, ಚಕ್ರಮೊಗ್ಗುಗಳನ್ನು ಗಂಟೆಗಟ್ಟಲೆ ಕುದಿಸಿದ ಸಾರು ಮೊದಲೇ ಸಿದ್ಧವಿರುತ್ತದೆ. ಬೇರೆಡೆ ತಯಾರಾಗಿ ಬಂದ ಎಳೆಗಳನ್ನು ಕ್ಷಣಕಾಲ ಬಿಸಿನೀರಿನಲ್ಲದ್ದಿ, ಬಟ್ಟಲಿಗೆ ಹಾಕಿ, ಸಾರು ಹೊಯ್ದರೆ ಮುಗಿಯಿತು. ನಿಧಾನದ ಕೆಲಸವೆಲ್ಲ ಗಿರಾಕಿ ಬರುವುದಕ್ಕೆ ಮೊದಲು, ಅವಸರದ್ದು ಬಂದ ಮೇಲೆ. ಈ ವಿಭಜನೆಯ ಬಲದಿಂದಲೇ ಆ ಬಟ್ಟಲು, 1954ರಲ್ಲಿ ದೇಶ ಇಬ್ಭಾಗವಾದಾಗ ದಕ್ಷಿಣಕ್ಕೆ ನಡೆದವರೊಡನೆ ಸೈಗಾನಿನಲ್ಲಿ ಹರಡಿ, 1975ರ ತರುವಾಯ ನಿರಾಶ್ರಿತರೊಡನೆ ಸಮುದ್ರಗಳನ್ನು ದಾಟಿತು.

ಈ ಉಪಾಯ ನಮಗೆ ಅಪರಿಚಿತವೇನಲ್ಲ. ಕಾಪು, ಕಾರ್ಕಳಗಳ ಮಾಂಸಾಹಾರದ ಹೋಟೆಲುಗಳಲ್ಲಿ ಕೋರಿರೊಟ್ಟಿ ನಡೆಯುವುದು ಇದೇ ಕ್ರಮದಲ್ಲಿ: ಅಕ್ಕಿಯ ಗರಿಗರಿ ರೊಟ್ಟಿ ಮೊದಲೇ ಕಟ್ಟಾಗಿ ಬಂದಿರುತ್ತದೆ, ಕೋಳಿಯ ಸಾರು ಒಲೆಯ ಮೇಲಿರುತ್ತದೆ, ಎರಡರ ಸಮಾಗಮ ನಡೆಯುವುದು ನಮ್ಮ ಊಟದ ತಟ್ಟೆಯಲ್ಲಿ. ಅಕ್ಕಿಗೂ ರಸಕ್ಕೂ ಇರುವ ನಂಟನ್ನು ಬಂಟರ ಅಡುಗೆ ಪೇಟೆಗೆ ತಂದಿರುವಾಗ, ಸಸ್ಯಾಹಾರದ ಹೋಟೆಲುಗಳು ಹಿಂಜರಿಯುವುದು ಅಸಾಮರ್ಥ್ಯದಿಂದಲ್ಲ, ದೋಸೆ ತಂದ ನಿಶ್ಚಿಂತೆಯಿಂದ.

ರಥಬೀದಿಯ ಹೋಟೆಲಿನ ಯಜಮಾನರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ವಾರದಲ್ಲಿ ಒಂದು ಬೆಳಗ್ಗೆ ಒರಳನ್ನು ಅಡುಗೆಮನೆಯಲ್ಲಿ ಹೂಡಿ, ಕಾಯಿಹಾಲಿನ ಪಾತ್ರೆಯನ್ನು ಪಕ್ಕದಲ್ಲಿಡಿ, ಕಾದು ನಿಲ್ಲುವ ಅಭ್ಯಾಸ ನಿಮ್ಮ ಗಿರಾಕಿಗಳಿಗೆ ಈಗಾಗಲೇ ಉಂಟು.