ಗಾಯದ ಗುರುತುಳ್ಳ ನಿರೀಕ್ಷೆ: ಮಾರ್ವೆಲ್ ಚಿತ್ರವಿಶ್ವದ ಬೆಳವಣಿಗೆಯ ಒಂದು ದೇವಶಾಸ್ತ್ರೀಯ ವಿಮರ್ಶೆ

2008ರಲ್ಲಿ ಜಾನ್ ಫಾವ್ರೊ ನಿರ್ದೇಶಿಸಿದ ‘ಐರನ್ ಮ್ಯಾನ್’ ಚಿತ್ರ ಮುಗಿದು, ಕೆಲಸ ಮಾಡಿದವರ ಹೆಸರುಗಳೆಲ್ಲ ಸರಿದುಹೋದ ಮೇಲೆ, ಪರದೆಯ ಮೇಲೆ ಒಂದು ಚಿಕ್ಕ ದೃಶ್ಯ ಮೂಡಿತು. ನಿಕ್ ಫ್ಯೂರಿ ಎಂಬವನು ನಾಯಕ ಟೋನಿ ಸ್ಟಾರ್ಕನ ಮನೆಯಲ್ಲಿ ಕಾಣಿಸಿಕೊಂಡು, ಜಗತ್ತಿನಲ್ಲಿ ಇಂಥ ವೀರನು ಅವನೊಬ್ಬನೇ ಅಲ್ಲವೆಂದೂ, ‘ಅವೆಂಜರ್ಸ್’ ಎಂಬ ಯೋಜನೆಯ ವಿಷಯವಾಗಿ ಮಾತನಾಡಬೇಕೆಂದೂ ತಿಳಿಸುತ್ತಾನೆ. ಮುಗಿದ ಕಥೆಯು ಇನ್ನೂ ದೊಡ್ಡ ಕಥೆಯೊಂದರ ಆರಂಭವೆಂದು ಸೂಚಿಸಿದ ಆ ದೃಶ್ಯವು ಮುಂದೆ ಹಲವು ವರ್ಷಗಳ ಕಾಲ ಜನಪ್ರಿಯ ಸಿನೆಮಾದ ರೂಢಿಯನ್ನೇ ಬದಲಿಸಿತು.

ಹಂಚಿಕೊಂಡ ವಿಶ್ವವೆಂಬ ಈ ಕಲ್ಪನೆ ಸಿನೆಮಾಕ್ಕೆ ಬಂದದ್ದು ಕಾಮಿಕ್ಸ್ ಪುಸ್ತಕಗಳಿಂದ. 1961ರಿಂದ ಸ್ಟಾನ್ ಲೀ, ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ ಮೊದಲಾದವರು ರೂಪಿಸಿದ ಮಾರ್ವೆಲ್ ಪಾತ್ರಗಳಲ್ಲಿ ಬಹುಪಾಲಿನವು ಒಂದೇ ನ್ಯೂಯಾರ್ಕಿನಲ್ಲಿ ಬದುಕುತ್ತಿದ್ದವು. ಒಬ್ಬನ ಪುಸ್ತಕಕ್ಕೆ ಮತ್ತೊಬ್ಬನು ಅತಿಥಿಯಾಗಿ ಬರುತ್ತಿದ್ದನು. 1996ರಲ್ಲಿ ದಿವಾಳಿಯಾದ ಮಾರ್ವೆಲ್ ಸಂಸ್ಥೆಯು ಹಲವು ಪಾತ್ರಗಳ ಚಿತ್ರಹಕ್ಕನ್ನು ಪರರಿಗೆ ಮಾರಿಕೊಂಡಿತ್ತು. 2005ರಲ್ಲಿ ಉಳಿದ ಪಾತ್ರಗಳ ಹಕ್ಕನ್ನೇ ಅಡವಿಟ್ಟು ಸುಮಾರು 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡು, ತಾನೇ ಚಿತ್ರಗಳನ್ನು ನಿರ್ಮಿಸಲು ತೊಡಗಿತು. 2009ರಲ್ಲಿ ಡಿಸ್ನಿ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲನ್ನು ಕೊಂಡುಕೊಂಡಿತು. ನಿರ್ಮಾಪಕ ಕೆವಿನ್ ಫೈಗಿಯವರ ಮೇಲ್ವಿಚಾರಣೆಯಲ್ಲಿ 2012ರ ‘ದಿ ಅವೆಂಜರ್ಸ್’ ಚಿತ್ರದಿಂದ ಬಲಗೊಂಡ ಸರಣಿಯು, 2019ರಲ್ಲಿ ತನ್ನ 22ನೆಯ ಚಿತ್ರವಾದ ‘ಅವೆಂಜರ್ಸ್: ಎಂಡ್‌ಗೇಮ್’ಗೆ ಬಂದು ಮುಟ್ಟಿತು. ಆ ಒಂದೇ ಚಿತ್ರದ ಗಳಿಕೆ ಸುಮಾರು 280 ಕೋಟಿ ಡಾಲರ್.

ಇದರ ವ್ಯಾಪಾರದ ಚರಿತ್ರೆಯನ್ನು ವಿಸ್ತರಿಸುವುದು ನಮ್ಮ ಉದ್ದೇಶವಲ್ಲ. ಲೋಕವನ್ನು ಉಳಿಸಲು ಪ್ರಾಣಕೊಟ್ಟ ಸ್ಟಾರ್ಕನ ಮರಣವು ಪ್ರಸಂಗಪೀಠಕ್ಕೂ ಯೌವನಸ್ಥರ ಕೂಟಕ್ಕೂ ಸುಲಭವಾಗಿ ಒದಗುವ ದೃಷ್ಟಾಂತ. ಮರಣ ಮತ್ತು ಮರಳಿಬರುವಿಕೆಗಳ ಬಗ್ಗೆ ಈ ಕಥಾವಿಶ್ವವು ಏನನ್ನು ನಂಬುತ್ತದೆಂದು ವಿಚಾರಿಸದೆ ಅದನ್ನು ಎರವಲು ತರುವುದು ಸರಿಯೇ ಎಂಬುದು ನಮ್ಮ ಪ್ರಶ್ನೆ.

‘ಎಂಡ್‌ಗೇಮ್’ ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸೋಣ. ಥಾನೋಸ್ ಎಂಬವನು ಬೆರಳು ಚಿಟಿಕೆ ಹೊಡೆದು ವಿಶ್ವದ ಅರ್ಧ ಜೀವಿಗಳನ್ನು ಅಳಿಸಿಹಾಕಿ ಐದು ವರ್ಷಗಳು ಸಂದಿವೆ. ಅಳಿದವರನ್ನು ಮರಳಿ ತರುವ ದಾರಿ ಹೊಳೆದಾಗ ಸ್ಟಾರ್ಕ್ ಒಂದು ಷರತ್ತು ಹಾಕುತ್ತಾನೆ: ಆ ಐದು ವರ್ಷಗಳು ಅಳಿಯಕೂಡದು, ಏಕೆಂದರೆ ಅವನ ಮಗಳು ಮೋರ್ಗನ್ ಹುಟ್ಟಿದ್ದು ಆ ವರ್ಷಗಳಲ್ಲಿಯೇ. ಹೀಗಾಗಿ ಕಳೆದುಹೋದವರು ಮರಳುತ್ತಾರೆ, ಆದರೆ ದುಃಖದ ಕಾಲ ನಡೆದೇ ಇಲ್ಲವೆಂಬಂತೆ ಆಗುವುದಿಲ್ಲ. ಅರ್ಧ ಜೀವಲೋಕವನ್ನು ಹಿಂದಕ್ಕೆ ತಂದ ಅದೇ ಶಕ್ತಿಯಿಂದ, ಆತ್ಮಾರ್ಪಣೆ ಮಾಡಿದ ನಟಾಶಾ ರೊಮನಾಫಳನ್ನು ತರಲು ಬ್ರೂಸ್ ಬ್ಯಾನರನು ಯತ್ನಿಸಿ ಸೋಲುತ್ತಾನೆ. ಚಿತ್ರದ ಮೂಲ ಬಿಡುಗಡೆಯಲ್ಲಿ ಹೆಸರುಗಳ ಪಟ್ಟಿಯ ಕೊನೆಗೆ ಮುಂದಿನ ಕಥೆಯ ಸೂಚನೆಯೂ ಇರಲಿಲ್ಲ. ಲೋಹದ ಮೇಲೆ ಸುತ್ತಿಗೆ ಬೀಳುವ ಸದ್ದು ಮಾತ್ರವೇ ಕೇಳಿಸಿತು. ಅಂತ್ಯವನ್ನು ಅಂತ್ಯವೆಂದು ಒಪ್ಪಿಕೊಳ್ಳುವ ಧೈರ್ಯ ಅಲ್ಲಿತ್ತು.

ಆ ಮರಣಕ್ಕೆ ತೂಕ ಬಂದದ್ದು ಹೇಗೆ? ಕಾಮಿಕ್ಸ್ ಲೋಕದಲ್ಲಿ ಮರಣವು ಬಹುಕಾಲದಿಂದ ತಾತ್ಕಾಲಿಕವಾಗಿದೆ. 1980ರಲ್ಲಿ ಸತ್ತ ಜೀನ್ ಗ್ರೇ 1986ರ ಹೊತ್ತಿಗೆ ಮರಳಿದಳು. 2007ರಲ್ಲಿ ಗುಂಡೇಟಿನಿಂದ ಸತ್ತ ಕ್ಯಾಪ್ಟನ್ ಅಮೆರಿಕ ಎರಡೇ ವರ್ಷಗಳಲ್ಲಿ ಹಿಂದಿರುಗಿದನು. ರೇಖೆಯಲ್ಲಿ ಮೂಡಿದ ಪಾತ್ರಕ್ಕೆ ಮುಪ್ಪಿಲ್ಲ. ಯಾವ ತಿಂಗಳಾದರೂ ಅದನ್ನು ಮತ್ತೆ ಬರೆಯಬಹುದು. ಸಿನೆಮಾದಲ್ಲಿ ಹಾಗಲ್ಲ. ಅಲ್ಲಿ ಪಾತ್ರಕ್ಕೆ ನಟನ ದೇಹವೇ ದೇಹ. ಹನ್ನೊಂದು ವರ್ಷಗಳ ಕಾಲ ರಾಬರ್ಟ್ ಡೌನಿ ಜೂನಿಯರ್ ಅವರ ಮುಖದಲ್ಲಿ ವಯಸ್ಸು ಇಳಿಯುವುದನ್ನು ಪ್ರೇಕ್ಷಕರು ಕಂಡಿದ್ದರು. ಕಥೆಯು ಶರೀರವನ್ನು ಧರಿಸಿದ್ದರಿಂದಲೇ ಮರಣಕ್ಕೂ ಒಳಪಟ್ಟಿತು. ವಾಕ್ಯವು ನಿಜವಾದ ಶರೀರವನ್ನು ಧರಿಸಿತೆಂದು ಅರಿಕೆಮಾಡುವ ಸಭೆಗೆ ಇದು ಅಪರಿಚಿತವಾದ ಸಂಗತಿಯಲ್ಲ.

ಆದರೆ ಸರಣಿ ನಿಲ್ಲಲಾರದು. ಅದರ ಒಡೆತನದ ಸ್ವರೂಪವೇ ಅಂಥದು. 2021ರ ‘ಲೋಕಿ’ ಧಾರಾವಾಹಿ, ಅದೇ ವರ್ಷದ ‘ಸ್ಪೈಡರ್ ಮ್ಯಾನ್: ನೋ ವೇ ಹೋಮ್’ ಮತ್ತು 2022ರ ‘ಡಾಕ್ಟರ್ ಸ್ಟ್ರೇಂಜ್’ ಚಿತ್ರದ ಎರಡನೆಯ ಭಾಗಗಳ ಮೂಲಕ ‘ಮಲ್ಟಿವರ್ಸ್’ ಎಂಬ ಬಹುವಿಶ್ವದ ಕಲ್ಪನೆ ಮುಂದೆ ಬಂದಿತು. ಅದರ ಪ್ರಕಾರ ಒಬ್ಬೊಬ್ಬ ವ್ಯಕ್ತಿಗೂ ಬೇರೆ ಬೇರೆ ವಿಶ್ವಗಳಲ್ಲಿ ಬೇರೆ ಬೇರೆ ರೂಪಗಳಿವೆ. ಒಬ್ಬ ಲೋಕಿ ಸತ್ತರೆ ಮತ್ತೊಬ್ಬ ಲೋಕಿ ಇದ್ದಾನೆ. ಇಲ್ಲಿ ಮರಣವು ಜಯಿಸಲ್ಪಡುವುದೂ ಇಲ್ಲ, ಶೋಕಿಸಲ್ಪಡುವುದೂ ಇಲ್ಲ. ಸತ್ತವನ ಸ್ಥಾನಕ್ಕೆ ಬದಲಿಯೊಬ್ಬನು ಬರುತ್ತಾನೆ. 2024ರ ಜುಲೈಯಲ್ಲಿ ಡೌನಿಯವರು ಡಾಕ್ಟರ್ ಡೂಮ್ ಎಂಬ ಖಳನ ಪಾತ್ರದಲ್ಲಿ ಮರಳುವರೆಂದು ಘೋಷಿಸಲಾಯಿತು. ಪಾತ್ರ ಬೇರೆಯೆಂಬುದು ನಿಜ. ಆದರೆ ನಾವು ಬೀಳ್ಕೊಟ್ಟ ಮುಖವೇ ಮತ್ತೆ ಮಾರುಕಟ್ಟೆಗೆ ಬರುತ್ತಿದೆ ಎಂಬುದೂ ಅಷ್ಟೇ ನಿಜ.

ಸತ್ಯವೇದವು ಬದಲಿಯ ಸಾಂತ್ವನವನ್ನು ಬಲ್ಲದೆ? ಯೋಬನ ಪುಸ್ತಕದ ಕೊನೆಯನ್ನು ಗಮನಿಸೋಣ. ಅವನ ಕುರಿಗಳು ಏಳು ಸಾವಿರದಿಂದ ಹದಿನಾಲ್ಕು ಸಾವಿರಕ್ಕೆ ಏರಿದವು. ಒಂಟೆ, ಎತ್ತು, ಕತ್ತೆಗಳೂ ಇಮ್ಮಡಿಯಾದವು. ಮಕ್ಕಳು ಮಾತ್ರ ಮೊದಲಿನಷ್ಟೇ: ಏಳು ಗಂಡು, ಮೂರು ಹೆಣ್ಣು. ಕೆಲವು ವ್ಯಾಖ್ಯಾನಕಾರರು ಇದರಲ್ಲಿ ಆಳವಾದ ಅರ್ಥವನ್ನು ಕಂಡಿದ್ದಾರೆ. ಹಳೆಯ ಕುರಿಗಳ ಸ್ಥಾನವನ್ನು ಹೊಸ ಕುರಿಗಳು ತುಂಬಬಲ್ಲವು. ಸತ್ತ ಮಕ್ಕಳಾದರೋ ದೇವರ ಬಳಿಯಲ್ಲಿ ಇನ್ನೂ ಯೋಬನ ಮಕ್ಕಳೇ. ಅವರನ್ನೂ ಕೂಡಿಸಿದರೆ ಲೆಕ್ಕ ತಾನಾಗಿಯೇ ಇಮ್ಮಡಿ.

ಕ್ರಿಸ್ತನ ಪುನರುತ್ಥಾನವು ಈ ಮಾತನ್ನು ಪೂರ್ಣಗೊಳಿಸುತ್ತದೆ. ತೋಮನ ಎದುರಿಗೆ ನಿಂತಾತನು ಗಾಯವಿಲ್ಲದ ಮತ್ತೊಬ್ಬ ಯೇಸುವಲ್ಲ. ಮೊಳೆಯ ಗುರುತುಗಳನ್ನು ಹೊತ್ತ ಅದೇ ಯೇಸು ಎದ್ದು ಬಂದಿದ್ದಾನೆ. ಎದ್ದಾತನು ಶಿಲುಬೆಗೇರಿದಾತನೇ ಎಂಬುದನ್ನು ಯುರ್ಗೆನ್ ಮೋಲ್ಟ್‌ಮನ್ ಅವರ ದೇವಶಾಸ್ತ್ರವು ಮತ್ತೆ ಮತ್ತೆ ಒತ್ತಿಹೇಳುತ್ತದೆ. ಶಿಲುಬೆಯ ಮರಣವು ಒಂದೇ ಸಾರಿ ನಡೆಯಿತೆಂದು ಇಬ್ರಿಯರಿಗೆ ಬರೆದ ಪತ್ರಿಕೆಯೂ ಸಾರುತ್ತದೆ. ಪುನರುತ್ಥಾನವು ಆ ಮರಣವನ್ನು ರದ್ದುಮಾಡುವುದಿಲ್ಲ. ಅದರೊಳಗಿಂದ ಹಾದು ಅದನ್ನು ಜಯಿಸುತ್ತದೆ.

ಸರಣಿಯೊಳಗೇ ಈ ಸತ್ಯಕ್ಕೆ ಹತ್ತಿರವಾದ ಚಿತ್ರವೊಂದಿದೆಯೆಂದು ಹೇಳದಿದ್ದರೆ ನಮ್ಮ ವಿಮರ್ಶೆ ಅನ್ಯಾಯವಾದೀತು. 2023ರಲ್ಲಿ ಜೇಮ್ಸ್ ಗನ್ ನಿರ್ದೇಶಿಸಿದ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ಮೂರನೆಯ ಭಾಗದಲ್ಲಿ ಪೀಟರ್ ಕ್ವಿಲನು ತನ್ನ ಪ್ರೇಯಸಿ ಗಮೋರಾಳ ಶೋಕದಲ್ಲಿದ್ದಾನೆ. ಬೇರೊಂದು ಕಾಲದಿಂದ ಬಂದ ಗಮೋರಾ ಎದುರಿಗಿದ್ದರೂ ಆಕೆಗೆ ಅವನ ನೆನಪಿಲ್ಲ, ಪ್ರೀತಿಯೂ ಇಲ್ಲ. ಚಿತ್ರವು ಅವರನ್ನು ಒಂದುಗೂಡಿಸುವುದಿಲ್ಲ. ಆಕೆ ತನ್ನವರ ಬಳಿಗೆ ಮರಳುತ್ತಾಳೆ. ಅವನು ಬಹುಕಾಲದಿಂದ ಕಾಣದ ತಾತನ ಮನೆಯ ಬಾಗಿಲನ್ನು ತಟ್ಟುತ್ತಾನೆ. ಒಂದೇ ಮುಖವಿದ್ದ ಮಾತ್ರಕ್ಕೆ ಅದೇ ವ್ಯಕ್ತಿಯಾಗುವುದಿಲ್ಲ ಎಂಬುದನ್ನು ಆ ಚಿತ್ರ ಬಲ್ಲದು.

ಮುಗಿಯದ ಕಥೆಯು ನಿತ್ಯಜೀವದ ಹಂಬಲವನ್ನೇ ಸೂಚಿಸುವುದಲ್ಲವೇ ಎಂದು ಕೆಲವರು ಕೇಳಬಹುದು. ಹಂಬಲ ನಿಜವೇ, ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ನಿತ್ಯಜೀವವೆಂದರೆ ಕಂತುಗಳು ಮುಂದುವರಿಯುತ್ತಲೇ ಇರುವುದಲ್ಲ. ಪರಿಪೂರ್ಣತೆಗೆ ಬಂದು ಸೇರುವುದು. ಮುಂದಿನ ಚಿತ್ರಕ್ಕಾಗಿ ಕಾಯುವವನು ಈಗ ಕಂಡದ್ದನ್ನು ಅಪೂರ್ಣವೆಂದು ಬಗೆಯುವಂತೆ ಪಳಗುತ್ತಾನೆ. ಕರ್ತನ ಬರೋಣಕ್ಕಾಗಿ ಕಾಯುವವನಾದರೋ, ಈಗಾಗಲೇ ಪೂರೈಸಿದ ಒಂದು ಕಾರ್ಯದ ಮೇಲೆ ನಿಂತು ಕಾಯುತ್ತಾನೆ.

ಸ್ಟಾರ್ಕನ ದೃಷ್ಟಾಂತವನ್ನು ಬಳಸಬಾರದೆಂದು ನಾವು ಹೇಳುತ್ತಿಲ್ಲ. ಬಳಸುವವರು ಅಳಿಯದೆ ಉಳಿದ ಆ ಐದು ವರ್ಷಗಳನ್ನೂ ಮರಳಿಬಾರದ ನಟಾಶಾಳನ್ನೂ ಜೊತೆಗೆ ನೆನೆಯಲಿ. ಆ ನಂತರದ ಚಿತ್ರಗಳು ಅದನ್ನು ಎಷ್ಟು ಹಗುರಮಾಡಿದವೆಂಬುದನ್ನೂ ತಿಳಿಸಲಿ. ಮಗುವನ್ನು ಮಣ್ಣಿಗೆ ಒಪ್ಪಿಸಿ ಸಮಾಧಿಯ ಬಳಿಯಲ್ಲಿ ನಿಂತ ತಾಯಿಗೆ, ಇನ್ನೊಂದು ಮಗು ಹುಟ್ಟೀತು ಎನ್ನುವವರು ನಮ್ಮ ನಡುವೆ ಈಗಲೂ ಇದ್ದಾರೆ. ಅದು ಬಹುವಿಶ್ವದ ಸಾಂತ್ವನ. ಸಭಾಪಾಲಕನು ಹೇಳಬೇಕಾದ ಮಾತು ಬೇರೆ: ದೇವರು ಈ ಮಗುವನ್ನೇ ಬಲ್ಲನು, ಇದರ ಹೆಸರನ್ನೇ ಕರೆಯುವನು.