ಹೇರೋಹಳ್ಳಿಯಲ್ಲಿ ನಿಂತು ಸರ್ಕಾರವನ್ನು ನೋಡಿದರೆ

ಮಾಗಡಿ ರಸ್ತೆಯ ಹೇರೋಹಳ್ಳಿ ಒಂದು ಕಾಲಕ್ಕೆ ಹೊಲ, ಕೆರೆ, ಊರು, ಕೇರಿ ಎಲ್ಲ ಇದ್ದ ಹಳ್ಳಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಹೊಟ್ಟೆಗೆ ಬಿತ್ತು. 2025ರಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆದರು. ಹೊಲಗಳು ಸೈಟಾದವು, ಸೈಟುಗಳು ಬಾಡಿಗೆ ವಠಾರಗಳಾದವು. ಪೀಣ್ಯದ ಶೆಡ್ಡುಗಳಿಗೆ, ಗಾರ್ಮೆಂಟ್ಸಿಗೆ, ಗಾರೆ ಕೆಲಸಕ್ಕೆ ಹೋಗುವ ಜನ ಅಲ್ಲಿದ್ದಾರೆ.

ಇಲ್ಲಿಯ ಟೀ ಅಂಗಡಿಯಲ್ಲಿ ಕೂತರೆ ದಿನಾ ಒಂದು ಮಾತು ಕಿವಿಗೆ ಬೀಳುತ್ತದೆ. "ಯಾವ ಗೌರ್ಮೆಂಟು ಬಂದ್ರೂ ಅಷ್ಟೇ ಕಣಣ್ಣ, ಎಲ್ರೂ ಕಳ್ರೇ." ಇದು ಪೆಟ್ಟು ತಿಂದವನ ಮಾತು, ತಳ್ಳಿಹಾಕುವಂಥದ್ದಲ್ಲ. ಆದರೆ ಇದರ ಬೆನ್ನಿಗೇ ಇಸ್ತ್ರಿ ಅಂಗಿಯವನೊಬ್ಬ ಬಾಯಿ ಹಾಕುತ್ತಾನೆ. "ಅದಕ್ಕೇ ಸಾರ್, ಎಲ್ಲಾನೂ ಪ್ರೈವೇಟಿಗೆ ಕೊಟ್ಬಿಡಬೇಕು." ಗಾರೆ ಕೆಲಸದವನೂ ಹೌದೆಂದು ತಲೆಯಾಡಿಸುತ್ತಾನೆ. ನನ್ನ ತಕರಾರು ಈ ತಲೆಯಾಡಿಸುವಿಕೆಯ ಬಗ್ಗೆ.

2020ರ ಮೇ ತಿಂಗಳನ್ನು ನೆನೆಯಿರಿ. ಲಾಕ್‌ಡೌನಿನಲ್ಲಿ ಕೂಲಿಯಿಲ್ಲದೆ ಕೂತ ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗಲು ವಿಶೇಷ ರೈಲು ಬಿಟ್ಟಿದ್ದರು. ಮೇ 5ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ಮಾಡಿದರು. ಅದೇ ದಿನ ರೈಲ್ವೆಗೆ ಪತ್ರ ಹೋಯಿತು, ನಾಳೆಯಿಂದ ರೈಲು ಬೇಡ ಎಂದು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡೇ ದಿನದಲ್ಲಿ ಸರ್ಕಾರ ಮಾತು ಬದಲಿಸಿತು. ದುಡಿಯುವವನು ಊರಿಗೆ ಹೋಗದಂತೆ ಧಣಿ ಬಾಗಿಲು ಹಾಕಿಕೊಂಡರೆ ನಮ್ಮ ಹಟ್ಟಿಗಳಲ್ಲಿ ಅದಕ್ಕೊಂದು ಹೆಸರಿದೆ: ಜೀತ. ಅದನ್ನು ನಿಷೇಧಿಸುವ ಕಾಯ್ದೆ 1976ರಷ್ಟು ಹಳೆಯದು. ಟೀ ಅಂಗಡಿಯ ಅಣ್ಣ ಕಳ್ಳ ಅಂದದ್ದು ಈ ಸರ್ಕಾರಕ್ಕೆ. ಕಳ್ಳನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವನು ಯಾರೆಂದು ಮಾತ್ರ ಅವನು ನೋಡಲಿಲ್ಲ.

ನಮ್ಮ ಸಾಹಿತ್ಯ ಇದನ್ನು ಬಹಳ ಹಿಂದೆಯೇ ನೋಡಿತ್ತು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಹುಂಜ ಕಳೆದುಹೋಗುತ್ತದೆ. ಅವಳು ಕೇರಿಯಲ್ಲಿ ಅಲೆದು ಹುಡುಕುತ್ತಾಳೆ. ಅದಕ್ಕೆ ಪೊಲೀಸು ಬರುವುದಿಲ್ಲ, ಬರಬೇಕೆಂದು ಅವಳಿಗೂ ಅನ್ನಿಸುವುದಿಲ್ಲ. ಸಾವ್ಕಾರನ ಕಡಲೆಕಾಯಿ ಕಳುವಾದರೆ ಮಾತ್ರ ಪೊಲೀಸರು ಅವಳ ಗುಡಿಸಲಿಗೇ ಬರುತ್ತಾರೆ. ಆ ಮನೆಯವರು ರಾತ್ರಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ಭಾಗವನ್ನು, ಆ ಭಾಷೆಯ ಸೊಗಸನ್ನು ನಮ್ಮ ವಿಮರ್ಶಕರು ಬಾಯ್ತುಂಬ ಹೊಗಳಿದರು. (ಹಸಿದವರು ತಿನ್ನುವುದನ್ನು ನೋಡಿ ಸವಿಯುವುದು ಒಂದು ವಿಚಿತ್ರ ರಸಿಕತೆ.) ಸರ್ಕಾರ ಅನ್ನುವುದು ಯಾರ ವಸ್ತು ಕಳೆದಾಗ ಎದ್ದು ಬರುತ್ತದೆ ಎಂಬ ಪ್ರಶ್ನೆ ಆ ಹೊಗಳಿಕೆಯಲ್ಲಿ ಮುಚ್ಚಿಹೋಯಿತು.

ಆದರೆ ನಾವೂ ಅಲ್ಲೇ ನಿಂತೆವೇನೋ ಎಂಬ ಅನುಮಾನ ನನಗಿದೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ನಮ್ಮ ಕಥೆ ಕವಿತೆಗಳ ಧಣಿಗೆ ಮೀಸೆಯಿತ್ತು, ಮನೆಯಿತ್ತು, ಜಾತಿಯ ಹೆಸರಿತ್ತು. ಎದುರಿಗೆ ನಿಂತು ಬಯ್ಯಬಹುದಿತ್ತು. ಹೇರೋಹಳ್ಳಿಯಿಂದ ಬೆಳಿಗ್ಗೆ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಧಣಿ ಎಲ್ಲಿದ್ದಾನೆ? ಅವಳಿಗೆ ಕಾಣುವವನು ಸೂಪರ್‌ವೈಸರ್. ಅವನೂ ಸಂಬಳದವನೇ. ಹೊಲಿದ ಅಂಗಿಯ ಮೇಲಿನ ಹೆಸರು ಯಾವುದೋ ದೇಶದ್ದು. ಈ ಧಣಿಯನ್ನು ಬರೆಯುವ ಬಗೆ ನಮಗಿನ್ನೂ ಸರಿಯಾಗಿ ಸಿಕ್ಕಿಲ್ಲ. ಸಿಗದಾಗ ಹಳೆಯ ಗೌಡನನ್ನೇ ಮತ್ತೆ ಮತ್ತೆ ಕರೆತಂದು ಬಯ್ಯುತ್ತಿದ್ದೇವೆ.

ಆ ಹೆಣ್ಣುಮಕ್ಕಳು ನಮಗಾಗಿ ಕಾಯಲಿಲ್ಲ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟರೆ ತಮ್ಮ ಪಾಲು ಮಾತ್ರ ತೆಗೆಯಬಹುದು, ಮಾಲೀಕರ ಪಾಲು 58 ತುಂಬಿದ ಮೇಲೆ. ನಲವತ್ತಕ್ಕೇ ಸೊಂಟ ಬಿದ್ದುಹೋಗುವ ಕೆಲಸದಲ್ಲಿ 58ರ ಮಾತು! ಮಗಳ ಮದುವೆಗೆ, ಸಾಲಕ್ಕೆ, ಸ್ಕೂಲ್ ಫೀಜಿಗೆ ಅವರಿಗಿದ್ದ ಗಂಟು ಅದೊಂದೇ. ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದರು, ಮರುದಿನ ಅದು ಪೀಣ್ಯದ ಕಡೆಗೂ ಹಬ್ಬಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. 19ರ ಸಂಜೆಗೆ ಕೇಂದ್ರದ ಕಾರ್ಮಿಕ ಮಂತ್ರಿ ಬಂಡಾರು ದತ್ತಾತ್ರೇಯ ಆ ಆದೇಶ ವಾಪಸ್ಸಾಯಿತೆಂದು ಸಾರಬೇಕಾಯಿತು. ಮುಂದೆ ನಿಂತ ಪಕ್ಷವಿಲ್ಲ, ದೊಡ್ಡ ನಾಯಕನಿಲ್ಲ.

ಆ ಹೆಂಗಸರಿಗೂ ಸರ್ಕಾರದ ಮೇಲೆ ನಂಬಿಕೆಯಿರಲಿಲ್ಲ. ಆದರೆ ಅವರು ಸರ್ಕಾರ ಬೇಡ ಅನ್ನಲಿಲ್ಲ. ಪಿಎಫ್ ಅನ್ನುವುದೇ 1952ರ ಕಾನೂನಿನಿಂದ ಬಂದದ್ದು, ಯಾವ ಮಾಲೀಕನ ಧರ್ಮಬುದ್ಧಿಯಿಂದಲೂ ಅಲ್ಲ. ಬಾಬಾಸಾಹೇಬರು 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಸರ್ಕಾರ ಕೈಹಾಕದಿದ್ದರೆ ಸಿಗುವ ಸ್ವಾತಂತ್ರ್ಯ ಗೇಣಿ ಏರಿಸುವ ಜಮೀನ್ದಾರನದು, ಕೆಲಸದ ಗಂಟೆ ಹೆಚ್ಚಿಸಿ ಕೂಲಿ ಇಳಿಸುವ ಬಂಡವಾಳಗಾರನದು. ಅದಕ್ಕೇ ಅವರು ಮುಖ್ಯ ಕೈಗಾರಿಕೆಗಳೂ ಭೂಮಿಯೂ ಸರ್ಕಾರದ ಕೈಯಲ್ಲಿರಬೇಕು, ಅದನ್ನು ಸಂವಿಧಾನದಲ್ಲೇ ಬರೆಯಬೇಕು ಎಂದು ಕೇಳಿದ್ದು. ಬಹುಮತ ಬಂದವರು ಅಳಿಸಿಹಾಕಬಾರದಲ್ಲ! ಸರ್ಕಾರವನ್ನು ನಂಬದ ಮನುಷ್ಯನೇ ಹೀಗೆ ಕೇಳಬಲ್ಲ.

ಪ್ರೈವೇಟಿನ ಪ್ರಾಮಾಣಿಕತೆಯ ಲೆಕ್ಕ ಬೇಕಾದರೆ ಅದೂ ಇದೆ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ ತುಟ್ಟಿಭತ್ಯೆ ಏರಬೇಕಿತ್ತು. ಮಾಲೀಕರು ಅತ್ತರು, ರಾಜ್ಯ ಸರ್ಕಾರ ಮುಂದೂಡಿತು. ಆ ಆದೇಶಕ್ಕೆ ಹೈಕೋರ್ಟು ತಡೆ ಕೊಟ್ಟಿತು. ಆಮೇಲೂ ಬಹಳಷ್ಟು ಕಾರ್ಖಾನೆಗಳು ಬಿಚ್ಚಲಿಲ್ಲ. ಕಾರ್ಮಿಕ ಸಂಘಗಳು ಬೆನ್ನು ಬಿದ್ದು, ಅಂಗಿ ಕೊಳ್ಳುವ ಪರದೇಶದ ಕಂಪನಿಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಶುರುಮಾಡಿದವು.

ಇದನ್ನೆಲ್ಲ ಇಸ್ತ್ರಿ ಅಂಗಿಯವನಿಗೆ ಹೇಳಿದೆ. "ಅದು ಬೇರೆ ವಿಷಯ ಬಿಡಿ ಸಾರ್" ಅಂದ. ಗಾರೆ ಕೆಲಸದ ಅಣ್ಣ ಮಾತ್ರ ಲೋಟ ಕೆಳಗಿಟ್ಟು, "417 ಅಂದ್ರಾ? ನನ್ನ ಹೆಂಡ್ತಿಗೂ ಬರಬೇಕಿತ್ತಾ ಅದು?" ಎಂದು ಕೇಳಿದ.